ಕೊಲೆ ಪ್ರಕರಣ ಬರೆಯುವ ಮೊದಲು ನಾನು ಓದುವ ಕಾಗದಗಳು

ಕೊಲೆ ಪ್ರಕರಣದ ತೀರ್ಪು ಕೈಗೆ ಸಿಕ್ಕಿದರೆ ನಾನು ಮೊದಲು ತಿರುವುವುದು ಕೊನೆಯ ಪುಟಗಳನ್ನು. ನ್ಯಾಯಾಧೀಶರ ಸಹಿಯ ನಂತರ ಅನುಬಂಧ ಇರುತ್ತದೆ. ಅಭಿಯೋಜನೆಯ ಪರ ಸಾಕ್ಷಿ ನುಡಿದವರ ಪಟ್ಟಿ, ಗುರುತು ಮಾಡಿದ ದಾಖಲೆಗಳ ಪಟ್ಟಿ, ಎಲ್ಲಕ್ಕೂ ಕೆಳಗೆ ಮುದ್ದೆಮಾಲುಗಳ, ಅಂದರೆ ಸಾಕ್ಷ್ಯವಾಗಿ ನ್ಯಾಯಾಲಯಕ್ಕೆ ಒಪ್ಪಿಸಿದ ವಸ್ತುಗಳ ಪಟ್ಟಿ. ರಕ್ತಮಿಶ್ರಿತ ಮಣ್ಣು, ಮಾದರಿ ಮಣ್ಣು, ಮಚ್ಚು, ಒಂದು ಜೊತೆ ಹವಾಯಿ ಚಪ್ಪಲಿ, ಸ್ಟೀಲಿನ ಟಿಫನ್ ಡಬ್ಬಿ. ಸತ್ತವನು ಆ ದಿನ ಬೆಳಿಗ್ಗೆ ಊಟ ಕಟ್ಟಿಸಿಕೊಂಡು ಮನೆಯಿಂದ ಹೊರಟಿದ್ದ ಎಂಬ ಮಾತು ಇಡೀ ತೀರ್ಪಿನಲ್ಲಿ ಎಲ್ಲೂ ಬಾರದೇ ಇರಬಹುದು. ಪಟ್ಟಿಯಲ್ಲಿ ಡಬ್ಬಿಯಿದೆ. ನನ್ನ ಬರವಣಿಗೆ ಶುರುವಾಗುವುದು ಅಲ್ಲಿಂದ.

ನಾನು ಕೋಲಾರದವಳು. ವಕೀಲರೊಬ್ಬರ ಕಚೇರಿಯಲ್ಲಿ ಬಹಳ ಕಾಲ ಬೆರಳಚ್ಚು ಕೆಲಸ ಮಾಡಿದೆ. ಜಾಮೀನು ಅರ್ಜಿ, ಮೇಲ್ಮನವಿ, ಭಾಗದ ದಾವೆಯ ವಾದಪತ್ರ, ಸಾಕ್ಷಿ ಹೇಳಿಕೆಗಳು ಎಲ್ಲವೂ ನನ್ನ ಕೈಯಿಂದ ಹಾದುಹೋಗಿವೆ. ಕಡತದಲ್ಲಿ ಕಾಣುತ್ತಿದ್ದ ಕೊಲೆಗೂ ಟಿ.ವಿ.ಯಲ್ಲಿ ಕಾಣುತ್ತಿದ್ದ ಕೊಲೆಗೂ ಇದ್ದ ದೂರ ನನ್ನನ್ನು ಕಾಡುತ್ತಿತ್ತು. ಟಿ.ವಿ.ಯಲ್ಲಿ ಹಂತಕ ಇರುತ್ತಿದ್ದ, ರಕ್ತ ಇರುತ್ತಿತ್ತು, ಎದೆ ನಡುಗಿಸುವ ಸಂಗೀತ ಇರುತ್ತಿತ್ತು. ಕಡತದಲ್ಲಿ ಒಂದು ಊರು, ಒಂದು ಮನೆ, ಒಂದಿಷ್ಟು ಜಮೀನು, ಬಾಯಿ ಬಿಡಲು ಹೆದರುವ ನೆರೆಹೊರೆ ಇರುತ್ತಿತ್ತು. ಈ ಎರಡನೆಯದನ್ನು ಯಾರಾದರೂ ಬರೆಯಬೇಕು ಎಂದು ಅನ್ನಿಸಿ ನಾನೇ ಬರೆಯತೊಡಗಿದೆ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ತೀರ್ಪಾದ ಪ್ರಕರಣಗಳನ್ನು ಆರಿಸಿಕೊಂಡು, ಒಂದೊಂದನ್ನೂ ದೀರ್ಘ ಲೇಖನವಾಗಿ ಬರೆಯುತ್ತೇನೆ. 2007ರವರೆಗೆ ಇವೆರಡೂ ಒಂದೇ ಜಿಲ್ಲೆಯಾಗಿದ್ದವು, ಹಾಗಾಗಿ ಹಳೆಯ ಪ್ರಕರಣಗಳಿಗೆಲ್ಲ ಕೋಲಾರವೇ ತವರು.

ಇಂಥ ಬರಹವನ್ನು ಜನ ಏಕೆ ಇಷ್ಟೊಂದು ಓದುತ್ತಾರೆ ಎಂಬ ಪ್ರಶ್ನೆಗೆ "ರಕ್ತ ನೋಡುವ ಚಪಲ" ಎಂದು ಉತ್ತರಿಸಿ ಮುಗಿಸುವವರಿದ್ದಾರೆ. ನನಗೆ ಬರುವ ಪತ್ರಗಳು ಹಾಗೆ ಹೇಳುವುದಿಲ್ಲ. ಪತ್ರ ಬರೆಯುವವರಲ್ಲಿ ಹೆಂಗಸರೇ ಹೆಚ್ಚು. ಶಾಲಾ ಶಿಕ್ಷಕಿಯರು, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವ ಹುಡುಗಿಯರು, ಮಧ್ಯಾಹ್ನದ ಬಿಡುವಿನಲ್ಲಿ ಮೊಬೈಲ್ ಹಿಡಿಯುವ ಗೃಹಿಣಿಯರು. ಅಮೆರಿಕದಲ್ಲಿಯೂ ಹೀಗೆಯೇ ಇದೆ ಎಂಬುದು ನನಗೆ ಆಮೇಲೆ ತಿಳಿಯಿತು. ಅಮಾಂಡಾ ವಿಕರಿ ಮತ್ತು ಕ್ರಿಸ್ ಫ್ರೇಲಿ ಎಂಬ ಮನಶ್ಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೈಜ ಅಪರಾಧ ಕಥನಗಳತ್ತ ಗಂಡಸರಿಗಿಂತ ಹೆಂಗಸರ ಒಲವು ಹೆಚ್ಚು. ಅಪರಾಧಿಯ ಮನಸ್ಸು ಹೇಗೆ ಕೆಲಸ ಮಾಡಿತು, ಸಿಕ್ಕಿಬಿದ್ದವಳು ಹೇಗೆ ಪಾರಾದಳು ಎಂಬ ವಿವರ ಇರುವ ಪುಸ್ತಕಗಳನ್ನೇ ಅವರು ಆರಿಸಿಕೊಳ್ಳುತ್ತಾರೆ. ಅಪಾಯಕ್ಕೆ ಸಿಕ್ಕಿಬೀಳಬಹುದು ಎಂಬ ಅಳುಕು ಇರುವವರು ಅಪಾಯದ ಲಕ್ಷಣಗಳನ್ನು ಕಲಿಯಲು ಓದುತ್ತಾರೆ ಎಂಬುದು ಸಂಶೋಧಕರು ಕೊಟ್ಟ ವಿವರಣೆ.

ನನ್ನ ಓದುಗರು ಕೇಳುವ ಪ್ರಶ್ನೆಗಳೂ ಅದೇ ಜಾಡಿನವು. ಅವನೊಂದಿಗೆ ಹೊರಡುವಾಗ ಅವಳು ಯಾರಿಗಾದರೂ ಹೇಳಿದ್ದಳೇ? ಮೊದಲ ಸಲ ಹೊಡೆದಾಗ ಠಾಣೆಗೆ ಹೋಗಿದ್ದಳೇ, ಹೋದಾಗ ಅಲ್ಲಿ ಏನು ಹೇಳಿ ಕಳುಹಿಸಿದರು? ಮಗಳು ಕಾಣೆಯಾದ ಎಷ್ಟು ದಿನಕ್ಕೆ ಮನೆಯವರು ದೂರು ಕೊಟ್ಟರು?

ಈ ಕೊನೆಯ ಪ್ರಶ್ನೆಯ ತೂಕ ಗೊತ್ತಾಗಬೇಕಾದರೆ ದಕ್ಷಿಣ ಕನ್ನಡದ ಸೈನೈಡ್ ಮೋಹನನ ಪ್ರಕರಣಗಳನ್ನು ಓದಬೇಕು. ಬಡ ಮನೆಯ ಹೆಣ್ಣುಮಕ್ಕಳನ್ನು ಮದುವೆಯಾಗುವುದಾಗಿ ನಂಬಿಸಿ, ಬೇರೆ ಊರಿಗೆ ಕರೆದೊಯ್ದು, ಮರುದಿನ ಬಸ್ ನಿಲ್ದಾಣದಲ್ಲಿ ಗರ್ಭನಿರೋಧಕ ಮಾತ್ರೆಯೆಂದು ಹೇಳಿ ಸೈನೈಡ್ ಕೊಡುತ್ತಿದ್ದ. ಮಾತ್ರೆಯನ್ನು ಶೌಚಾಲಯದಲ್ಲಿ ನುಂಗುವಂತೆ ಹೇಳುತ್ತಿದ್ದ. ಬೇರೆ ಬೇರೆ ಊರಿನ ನಿಲ್ದಾಣಗಳಲ್ಲಿ ಒಂದೊಂದೇ ಅಪರಿಚಿತ ಹೆಣ ಸಿಕ್ಕಿತು, ಒಂದೊಂದು ಠಾಣೆಯಲ್ಲಿ ಒಂದೊಂದೇ ಕಡತ ತೆರೆದು ಮುಚ್ಚಿತು. 2009ರಲ್ಲಿ ಅವನು ಸಿಕ್ಕಿಬೀಳುವವರೆಗೆ ಆ ಕಡತಗಳನ್ನು ಯಾರೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಮೊದಲ ಶಿಕ್ಷೆಯಾದದ್ದು 2013ರಲ್ಲಿ. ಸುದ್ದಿವಾಹಿನಿಗಳು ವಿಷದ ಬಗ್ಗೆ ಗಂಟೆಗಟ್ಟಲೆ ಹೇಳಿದವು. ಹೆಣ್ಣು ಹೆತ್ತವರ ಎದೆಗೆ ತಾಕುವುದು ಬೇರೆ ಎರಡು ಸಂಗತಿ. ಅವನು ವರದಕ್ಷಿಣೆ ಕೇಳಲಿಲ್ಲ. ಮಗಳು ಯಾರೊಂದಿಗೋ ಹೋದಳು ಎಂಬ ನಾಚಿಕೆಗೆ ಹಲವು ಮನೆಯವರು ಠಾಣೆಯ ಮೆಟ್ಟಿಲು ಹತ್ತಲಿಲ್ಲ. ನಾನು ಬರೆಯುವಾಗ ಇಂಥ ಸಂಗತಿಗಳಿಗೆ ಜಾಗ ಬಿಟ್ಟುಕೊಳ್ಳುತ್ತೇನೆ. ಸೈನೈಡ್ ಎಷ್ಟು ನಿಮಿಷದಲ್ಲಿ ಕೊಲ್ಲುತ್ತದೆ ಎಂಬುದು ನನ್ನ ಓದುಗರಿಗೆ ಬೇಕಿಲ್ಲ.

ಸರಣಿ ಹಂತಕರು ತೀರ ಅಪರೂಪ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ವರದಿಯಲ್ಲಿ ಕೊಲೆಗಳ ಉದ್ದೇಶದ ಕೋಷ್ಟಕವಿರುತ್ತದೆ. ಅದರಲ್ಲಿ ಮೊದಲ ಸ್ಥಾನ ವ್ಯಾಜ್ಯಗಳಿಗೆ, ಅದರ ಹಿಂದೆ ವೈಯಕ್ತಿಕ ದ್ವೇಷ. ನಮ್ಮ ಕಡೆ ಇದಕ್ಕೆ ವಿವರಣೆಯೇ ಬೇಡ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರಿನ ಖಾತ್ರಿಯಿಲ್ಲ. ಬೆಂಗಳೂರು ಬೆಳೆಯುತ್ತಾ ಹೆದ್ದಾರಿಯ ಆಚೀಚೆ ಜಮೀನಿನ ಬೆಲೆ ಏರಿತು. ಹಿಂದೆ ಯಾರೂ ಕೇಳದಿದ್ದ ಬದುವಿಗೆ ಈಗ ಅಣ್ಣತಮ್ಮಂದಿರು ಸರ್ವೆಯವರನ್ನು ಕರೆಸುತ್ತಾರೆ. ಆದ್ದರಿಂದ ತೀರ್ಪಿನ ನಂತರ ನಾನು ತೆಗೆಯುವ ಎರಡನೆಯ ಕಾಗದ ಪಹಣಿ, ಜಮೀನು ಯಾರ ಹೆಸರಿನಲ್ಲಿದೆ ಎಂದು ಹೇಳುವ ಸರ್ಕಾರಿ ದಾಖಲೆ.

ಒಂದು ಪ್ರಕರಣವನ್ನು ಹತ್ತಿರದಿಂದ ಹೇಳುತ್ತೇನೆ. ಊರು, ವರ್ಷ, ಹೆಸರು ಬೇಡ. ಮದುವೆಯಾಗಿ ಬೇರೆ ತಾಲ್ಲೂಕಿಗೆ ಹೋಗಿದ್ದ ಹೆಂಗಸೊಬ್ಬರು ತವರಿನ ಜಮೀನಿನಲ್ಲಿ ಭಾಗ ಕೇಳಿ ದಾವೆ ಹೂಡಿದ್ದರು. ಅವರನ್ನು ಕೊಂದದ್ದು ಸ್ವಂತ ಅಣ್ಣನ ಮಗ. ತೀರ್ಪಿನಲ್ಲಿ ಕೊಲೆಯ ಉದ್ದೇಶಕ್ಕೆ ಸಿಕ್ಕಿದ್ದು ಒಂದೇ ಸಾಲು: "ಜಮೀನಿನ ವಿಚಾರವಾಗಿ ಹಳೆಯ ದ್ವೇಷವಿದ್ದು." ಕಾನೂನಿಗೆ ಅಷ್ಟು ಸಾಕು. ಘಟನಾ ಸ್ಥಳದ ಮಹಜರಿನಲ್ಲಿ, ಅಂದರೆ ಪೊಲೀಸರು ಪಂಚರ ಮುಂದೆ ಸ್ಥಳದಲ್ಲೇ ಬರೆದ ವರದಿಯಲ್ಲಿ, ಅವರ ಕೈಚೀಲದಲ್ಲಿದ್ದ ವಸ್ತುಗಳ ವಿವರವಿತ್ತು. ಚಿಲ್ಲರೆ ಹಣ, ಕನ್ನಡಕದ ಪೆಟ್ಟಿಗೆ, ವಕೀಲರ ಗುಮಾಸ್ತರು ಮುಂದಿನ ವಾಯಿದೆ ಬರೆದುಕೊಟ್ಟ ಚೀಟಿ, ಒಂದು ಬಸ್ ಟಿಕೆಟ್. ಯಂತ್ರದಿಂದ ಬರುವ ಟಿಕೆಟ್‌ನ ಅಕ್ಷರ ಬೇಗ ಮಾಸಿಹೋಗುತ್ತದೆ. ಮಹಜರು ಬರೆದ ಪೊಲೀಸರು ಎಲ್ಲಿ ಹತ್ತಿದ್ದು, ಎಲ್ಲಿ ಇಳಿಯಬೇಕಾದದ್ದು, ಎಷ್ಟು ಗಂಟೆ ಎಂಬುದನ್ನೆಲ್ಲ ಅಂದೇ ಬರೆದಿಟ್ಟಿದ್ದರು. ಆ ಒಂದು ಸಾಲಿನಿಂದ ಅವರ ಕೊನೆಯ ದಿನ ನನಗೆ ಕಂಡಿತು. ವಾಯಿದೆಗೆಂದು ಕೋಲಾರಕ್ಕೆ ಬಂದಿದ್ದಾರೆ, ಮಧ್ಯಾಹ್ನದ ಹೊತ್ತಿಗೆ ಮುಂದಿನ ದಿನಾಂಕ ಸಿಕ್ಕಿದೆ, ಗಂಡನ ಊರಿನ ಬಸ್ಸು ಹತ್ತದೆ ತವರಿನ ಕಡೆಗೆ ಟಿಕೆಟ್ ತೆಗೆಸಿದ್ದಾರೆ.

ಏಕೆ ಹೋದರು? ಉತ್ತರ ಪಹಣಿಯಲ್ಲಿತ್ತು. ಜಮೀನಿನ ದಾಖಲೆಗಳನ್ನು ಗಣಕೀಕರಿಸಿದ ಭೂಮಿ ಯೋಜನೆ ಬಂದ ಮೇಲೆ ಪಹಣಿಯನ್ನು ಯಾರು ಬೇಕಾದರೂ ಸರ್ವೆ ನಂಬರ್ ಹಾಕಿ ನೋಡಬಹುದು. ಒಂಬತ್ತನೆಯ ಕಾಲಂನಲ್ಲಿ ಖಾತೆದಾರರು, ಹನ್ನೊಂದನೆಯದರಲ್ಲಿ ಸಾಲ ಮತ್ತಿತರ ಋಣಗಳು. ಹಳೆಯ ಪಹಣಿಗಳನ್ನೂ ಖಾತೆ ಬದಲಾವಣೆಯ (ಮ್ಯುಟೇಶನ್) ದಾಖಲೆಗಳನ್ನೂ ವರ್ಷದ ಮೇಲೆ ವರ್ಷ ಜೋಡಿಸಿ ಓದಿದೆ. ತಂದೆ ತೀರಿದ ಮೇಲೆ ಖಾತೆ ಅಣ್ಣಂದಿರ ಹೆಸರಿಗೆ ಮಾತ್ರ ಹೋಗಿತ್ತು. ಆಮೇಲೆ ಬ್ಯಾಂಕಿನ ಸಾಲ ಏರಿತ್ತು. ಕೊಲೆಯಾದ ವರ್ಷ ಒಂದು ಭಾಗ ಹೊರಗಿನವರಿಗೆ ಮಾರಾಟವಾಗಿತ್ತು. ದಾವೆ ನಡೆಯುತ್ತಿರುವಾಗಲೇ ಜಮೀನು ಕೈಬಿಟ್ಟುಹೋಗುತ್ತಿದೆ ಎಂದು ತಿಳಿದು ಅವರು ಅಣ್ಣನನ್ನು ಕೇಳಲು ಹೋಗಿದ್ದರು. ಸಾಕ್ಷಿಯಾಗಿ ನುಡಿದ ಅತ್ತಿಗೆಯ ಹೇಳಿಕೆಯಲ್ಲಿ ಈ ಮಾತು ಅರ್ಧ ಸಾಲಿನಲ್ಲಿ ಬಂದು ಹೋಗಿದೆ. ಪಹಣಿಯಿಲ್ಲದೆ ಅದರ ಅರ್ಥ ಆಗುವುದಿಲ್ಲ.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಕೇಂದ್ರ ಸರ್ಕಾರ 2005ರಲ್ಲಿ ಮಾಡಿತು. ಕಾನೂನು ಕೊಟ್ಟದ್ದನ್ನು ಕೇಳಿ ಪಡೆಯುವ ದಾರಿ ಇನ್ನೂ ಎಷ್ಟು ಕಠಿಣ ಎಂಬುದು ಹಳ್ಳಿಯಲ್ಲಿ ಹುಟ್ಟಿದ ಯಾವ ಹೆಣ್ಣಿಗೂ ಗೊತ್ತು. "ತವರು ಬೇಕೋ ಜಮೀನು ಬೇಕೋ" ಎಂದು ಕೇಳುತ್ತಾರೆ. ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಲೇಖನ ಹೊರಬಂದ ಮೇಲೆ ಬಂದ ಪತ್ರಗಳಲ್ಲಿ ಕೊಲೆಗಾರನ ಬಗ್ಗೆ ಒಂದು ಮಾತೂ ಇರಲಿಲ್ಲ. ಬರೆದವರ ಕೈಚೀಲದಲ್ಲೂ ಅಂಥದೇ ವಾಯಿದೆ ಚೀಟಿ ಇತ್ತು. ದಾವೆ ಹಾಕಿದ ಮೇಲೆ ತವರಿಗೆ ಒಬ್ಬಳೇ ಹೋಗಬಾರದೇ, ದಾವೆ ನಡೆಯುವಾಗ ಜಮೀನು ಮಾರದಂತೆ ತಡೆಯಾಜ್ಞೆ ತರುವುದು ಹೇಗೆ ಎಂದು ಕೇಳಿದ್ದರು. ನನಗೆ ಗೊತ್ತಿದ್ದ ವಕೀಲರನ್ನು ಕೇಳಿ ಒಬ್ಬೊಬ್ಬರಿಗೂ ಉತ್ತರ ಬರೆದೆ. ಅಪರಾಧ ಕಥನದ ಸೆಳೆತ ಎಂದರೆ ನನಗೆ ನೆನಪಾಗುವುದು ಈ ಪತ್ರಗಳೇ.

ಕಾಗದ ಸಿಕ್ಕುವ ಬಗೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಎಫ್‌ಐಆರ್‌ಗಳನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿಯಿದೆ. ದೋಷಾರೋಪ ಪಟ್ಟಿ ಹಾಗಲ್ಲ. ಅದನ್ನು ಸಾರ್ವಜನಿಕರಿಗಾಗಿ ಜಾಲತಾಣದಲ್ಲಿ ಹಾಕಬೇಕಿಲ್ಲ ಎಂದು ಅದೇ ನ್ಯಾಯಾಲಯ 2023ರಲ್ಲಿ ಹೇಳಿದೆ. ಜಿಲ್ಲಾ ನ್ಯಾಯಾಲಯದ ತೀರ್ಪು ಇ-ಕೋರ್ಟ್ಸ್ ಜಾಲತಾಣದಲ್ಲಿ ಸಿಗುತ್ತದೆ. ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯಿರುತ್ತದೆ, ಅದೊಂದು ಗೊತ್ತಿದ್ದರೆ ವಾಯಿದೆಗಳ ಇತಿಹಾಸವೆಲ್ಲ ತೆರೆದುಕೊಳ್ಳುತ್ತದೆ. ಸಾಕ್ಷಿ ಹೇಳಿಕೆ ಮತ್ತು ಮಹಜರಿಗೆ ಕಾರಣ ಬರೆದು ನಕಲು ಅರ್ಜಿ ಹಾಕಬೇಕು. ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ. ಸಿಗದಿದ್ದರೆ ಆ ಭಾಗವನ್ನು ನಾನು ಬರೆಯುವುದಿಲ್ಲ.

ಕಾಗದಕ್ಕಿಂತ ಹೆಚ್ಚು ಕಲಿಸಿದ್ದು ನ್ಯಾಯಾಲಯದ ಹಿಂದಿನ ಬೆಂಚು. ವಿಚಾರಣೆ ತೆರೆದ ನ್ಯಾಯಾಲಯದಲ್ಲಿ ನಡೆಯುತ್ತದೆ, ಯಾರು ಬೇಕಾದರೂ ಕುಳಿತು ಕೇಳಬಹುದು. ಮಹಜರಿಗೆ ಸಹಿ ಹಾಕಿದ ಪಂಚರು ಕಟಕಟೆಗೆ ಬಂದು, "ಸಹಿ ನನ್ನದೇ ಸ್ವಾಮಿ, ಕಾಗದದಲ್ಲಿ ಏನಿದೆ ಗೊತ್ತಿಲ್ಲ, ಠಾಣೆಗೆ ಕರೆದು ಹಾಕಿಸಿಕೊಂಡರು" ಎನ್ನುವುದನ್ನು ಕೇಳಬೇಕು. ಸರ್ಕಾರಿ ಅಭಿಯೋಜಕರು ಅವರನ್ನು ಪ್ರತಿಕೂಲ (ತಿರುಗಿಬಿದ್ದ) ಸಾಕ್ಷಿಯೆಂದು ಘೋಷಿಸಲು ಕೋರಿ, ತಮ್ಮದೇ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವುದನ್ನು ನೋಡಬೇಕು. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆಯ ಸಾಕ್ಷಿಗಳು ಮನೆಯಲ್ಲಿ ತೆಲುಗು ಆಡುವವರು. ಅವರ ಹೇಳಿಕೆ ಪೊಲೀಸರ ಕಡತದಲ್ಲಿ "ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದು ಕೂಲಿ ಕೆಲಸ ಮಾಡಿಕೊಂಡು ಜೀವನ ಮಾಡಿಕೊಂಡಿರುತ್ತೇನೆ" ಎಂದು ಎಲ್ಲರದೂ ಒಂದೇ ಅಚ್ಚಿನಲ್ಲಿ ಇರುತ್ತದೆ. ಕಟಕಟೆಯಲ್ಲಿ ನಿಂತಾಗ ಮಾತ್ರ ಒಬ್ಬೊಬ್ಬರ ದನಿ ಬೇರೆಯಾಗುತ್ತದೆ. ಯಾರು ಯಾರ ಕಡೆ ನೋಡಿ ಮಾತು ನುಂಗಿದರು ಎಂಬುದು ಯಾವ ದಾಖಲೆಯಲ್ಲೂ ಬರುವುದಿಲ್ಲ.

ಮಾತು ನುಂಗಿದವರ ಬಗ್ಗೆ ಬರೆಯುವಾಗ ಕಂಬಾಲಪಲ್ಲಿಯನ್ನು ದಾಟಿ ಹೋಗಲು ನನಗೆ ಸಾಧ್ಯವಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ದಲಿತರ ಮನೆಗಳಿಗೆ ಬೆಂಕಿಯಿಟ್ಟರು. ಏಳು ಜನ ದಲಿತರು ಸುಟ್ಟು ಸತ್ತರು. ಪ್ರಕರಣ ವರ್ಷಗಟ್ಟಲೆ ನಡೆಯಿತು. ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಪ್ರತಿಕೂಲವಾದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾನೂನಿನ ಕಣ್ಣಿನಲ್ಲಿ ಆ ಏಳು ಜನರನ್ನು ಕೊಂದವರು ಯಾರೂ ಇಲ್ಲ.

ಅಪರಾಧ ಕಥನ ಓದುವವರು ಕೊನೆಗೆ ಗಂಟು ಬಿಚ್ಚಿಕೊಳ್ಳಬೇಕೆಂದು ಬಯಸುತ್ತಾರೆ. ಕಂಬಾಲಪಲ್ಲಿಯಲ್ಲಿ ಗಂಟು ಬಿಚ್ಚುವವರೇ ಇಲ್ಲ. ಹಾಗೆಂದು ನಾನೇ ಪತ್ತೇದಾರಳಾಗಿ, ನ್ಯಾಯಾಲಯ ಬಿಡುಗಡೆ ಮಾಡಿದವರ ಮೇಲೆ ಬೆರಳು ತೋರಿಸಲಾರೆ, ತೋರಿಸಲೂಬಾರದು. ಬರೆಯಬಹುದಾದದ್ದು ಇನ್ನೊಂದಿದೆ. ಸಾಕ್ಷಿ ಹೇಳಿದ ದಿನ ಸಂಜೆ ಅದೇ ಊರಿಗೆ, ಅದೇ ಬೀದಿಗೆ, ಕೂಲಿಗೆ ಕರೆಯುವ ಅದೇ ಜಮೀನುದಾರರ ನಡುವೆ ಮರಳಬೇಕಾದ ಮನುಷ್ಯನ ಪಾಡು ಏನು? ಕೊಲೆಯ ದಿನದಿಂದ ಸಾಕ್ಷಿ ನುಡಿಯುವ ದಿನದವರೆಗೆ ವರ್ಷಗಳು ಉರುಳಿದರೆ ಆ ನಡುವೆ ಅವನ ಮನೆಗೆ ಯಾರು ಯಾರು ಬಂದು ಹೋಗುತ್ತಾರೆ? ಸಾಕ್ಷಿಗಳ ರಕ್ಷಣೆಗೆಂದು ದೇಶಕ್ಕೆಲ್ಲ ಅನ್ವಯಿಸುವ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಕಂಬಾಲಪಲ್ಲಿಯ ಸಾಕ್ಷಿಗಳಿಗೆ ಅದು ಇರಲಿಲ್ಲ. ಇದನ್ನು ಬರೆದಾಗ ಓದುಗರು ಕಡಿಮೆಯಾಗುತ್ತಾರೆ ಎಂದು ಕೆಲವರು ಎಚ್ಚರಿಸಿದ್ದರು. ಓದುಗರು ಬಂದರು, ನಿಧಾನವಾಗಿ ಓದಿದರು. ಆ ಘಟನೆಯ ನಂತರ ಹುಟ್ಟಿದ ಚಿಂತಾಮಣಿಯ ಕಾಲೇಜು ಹುಡುಗನೊಬ್ಬ, ಪಕ್ಕದ ಹೋಬಳಿಯಲ್ಲೇ ಬೆಳೆದ ತನಗೆ ಇದನ್ನು ಯಾರೂ ಹೇಳಿರಲಿಲ್ಲ ಎಂದು ಬರೆದ.

ಬಂಧನವಾದ ಮರುದಿನದ ಸುದ್ದಿಯನ್ನು ನಾನು ಆಧಾರವಾಗಿ ಇಟ್ಟುಕೊಳ್ಳುವುದಿಲ್ಲ. "ವಿಚಾರಣೆಯಲ್ಲಿ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ" ಎಂಬ ವಾಕ್ಯ ಅಲ್ಲಿ ತಪ್ಪದೆ ಬರುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೀಗೆ ಹೇಳಿತ್ತು, 2024ರ ಜುಲೈ 1ರಿಂದ ಜಾರಿಯಾದ ಹೊಸ ಸಾಕ್ಷ್ಯ ಕಾನೂನಿನ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಆ ಹೇಳಿಕೆಯಿಂದ ಹೊಸದಾಗಿ ಏನಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಿಗೆ ಮಾತ್ರ ಬೆಲೆ. ಮಚ್ಚನ್ನು ಬಚ್ಚಿಟ್ಟ ಜಾಗ ತೋರಿಸಿದ ಎಂಬುದು ನಿಲ್ಲಬಹುದು, ಅದರಿಂದಲೇ ಕಡಿದೆ ಎಂಬ ಮಾತು ನಿಲ್ಲುವುದಿಲ್ಲ. ಕಣ್ಣಾರೆ ಕಂಡವರಿಲ್ಲದ ಪ್ರಕರಣದಲ್ಲಿ ಸಾಂದರ್ಭಿಕ ಸಾಕ್ಷ್ಯದ ಸರಪಳಿ ಎಲ್ಲೂ ತುಂಡಾಗದೆ ಆರೋಪಿಯತ್ತಲೇ ಕೈ ತೋರಬೇಕು ಎಂದು ಸುಪ್ರೀಂ ಕೋರ್ಟ್ 1984ರ ಶರದ್ ಸಾರ್ದಾ ಪ್ರಕರಣದಲ್ಲಿ ಹೇಳಿದ್ದನ್ನು ನಮ್ಮ ಸೆಷನ್ಸ್ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುತ್ತವೆ. ಓದುಗರಿಗೆ ಇದನ್ನು ಬಿಡಿಸಿ ಹೇಳಿದರೆ ಬೇಸರಪಡುತ್ತಾರೆ ಎಂಬುದು ಸುಳ್ಳು. ಸರಪಳಿಯ ಒಂದೊಂದು ಕೊಂಡಿಯನ್ನೂ ಎಳೆದು ನೋಡುವುದರಲ್ಲಿ ಅವರಿಗೆ ಇರುವ ಆಸಕ್ತಿ ನನ್ನನ್ನು ಹುರಿದುಂಬಿಸುತ್ತದೆ.

ಬರೆಯಲು ಕುಳಿತಾಗ ಒಂದು ಕಟ್ಟುನಿಟ್ಟು ಇದೆ. ದಾಖಲೆಯಲ್ಲಿ ಇಲ್ಲದ ಸಂಭಾಷಣೆ ಬರೆಯುವುದಿಲ್ಲ, ಸಾಯುವವರ ಮನಸ್ಸಿನೊಳಗೆ ಇಳಿಯುವುದಿಲ್ಲ. ಈ ಪ್ರಕಾರಕ್ಕೆ ಜಗತ್ತಿನಲ್ಲಿ ದೊಡ್ಡ ಹೆಸರು ತಂದುಕೊಟ್ಟ ಟ್ರೂಮನ್ ಕಪೋಟಿಯ 1966ರ ಪುಸ್ತಕ ಕಾನ್ಸಾಸ್‌ನ ಒಂದು ರೈತ ಕುಟುಂಬದ ಕೊಲೆಯನ್ನು ಕುರಿತದ್ದು. ಎಲ್ಲವೂ ನಿಜ ಎಂದು ಲೇಖಕ ಹೇಳಿಕೊಂಡರೂ ಅದರ ಕೊನೆಯ ಸ್ಮಶಾನದ ದೃಶ್ಯ ಕಟ್ಟಿದ್ದು ಎಂಬುದು ಆಮೇಲೆ ಬಯಲಾಯಿತು. ಅಷ್ಟು ಸೊಗಸಾಗಿ ಬರೆಯಬಲ್ಲವನಿಗೂ ಅದು ಬೇಕಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಅಂಥ ಒಂದು ದೃಶ್ಯ ಸಿಕ್ಕಿಬಿದ್ದರೆ ಉಳಿದ ಸತ್ಯಗಳೂ ಅನುಮಾನಕ್ಕೆ ಒಳಗಾಗುತ್ತವೆ. ಮರಣೋತ್ತರ ಪರೀಕ್ಷಾ ವರದಿಯಲ್ಲಿರುವ ಗಾಯಗಳ ಪಟ್ಟಿಯನ್ನೂ ನಾನು ಬಳಸುವುದಿಲ್ಲ. ಸಾವಿಗೆ ಕಾರಣವೇನು ಎಂಬ ಒಂದು ವಾಕ್ಯ ಸಾಕು. ಯಾರು ಕೊಂದರು ಎಂಬುದನ್ನು ಮೊದಲ ಭಾಗದಲ್ಲೇ ಹೇಳಿಬಿಡುತ್ತೇನೆ. ಆಗ ಓದುಗರ ಮನಸ್ಸು "ಯಾರು" ಎಂಬುದನ್ನು ಬಿಟ್ಟು, ಇದು ಇಲ್ಲಿಗೆ ಬಂದು ಮುಟ್ಟಿದ್ದು ಹೇಗೆ, ನಡುವೆ ಯಾರು ತಡೆಯಬಹುದಿತ್ತು ಎಂಬುದಕ್ಕೆ ತಿರುಗುತ್ತದೆ.

ಹೆಸರಿನ ವಿಚಾರದಲ್ಲಿ ಕೆಲವನ್ನು ಕಾನೂನೇ ತೀರ್ಮಾನಿಸಿದೆ. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು, ಅವರು ತೀರಿಕೊಂಡಿದ್ದರೂ, ಬಹಿರಂಗಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ ಮತ್ತು ಬಾಲನ್ಯಾಯ ಕಾಯ್ದೆಗಳ ತಡೆಯಿದೆ. ಕಾನೂನು ಹೇಳದ ಕಡೆಯೂ ಯೋಚಿಸಬೇಕು. ಕೋಲಾರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಹೊಸಕೋಟೆ ತಾಲ್ಲೂಕಿನ ದಂಡುಪಾಳ್ಯ ಸಿಗುತ್ತದೆ. ಆ ಹೆಸರು ಕೇಳಿದರೆ ಕರ್ನಾಟಕದಲ್ಲಿ ಯಾರಿಗೂ ಅಲ್ಲಿನ ಹೊಲವೋ ಶಾಲೆಯೋ ನೆನಪಾಗುವುದಿಲ್ಲ, ಒಂದು ಗ್ಯಾಂಗ್ ನೆನಪಾಗುತ್ತದೆ. ಕೊಲೆಗಾರರ ಹೆಸರಿಗೆ ಊರನ್ನು ಅಂಟಿಸಿದವರು ನಮ್ಮಂಥ ಬರೆಯುವವರೇ. ಅಲ್ಲಿ ಹುಟ್ಟಿದ ಮಗು ಕಾಲೇಜಿಗೆ ಸೇರುವಾಗ ಊರಿನ ಹೆಸರು ಹೇಳಬೇಕಲ್ಲವೇ? ಈ ಪ್ರಶ್ನೆ ಹೊಳೆದಂದಿನಿಂದ ತಾಲ್ಲೂಕಿನ ಹೆಸರು ಬರೆದು ಊರಿನ ಹೆಸರು ಬಿಡುವುದನ್ನು ರೂಢಿಸಿಕೊಂಡೆ.

ಸತ್ತವರ ಬಗ್ಗೆ ಹೇಗೆ ಬರೆಯಬೇಕು ಎಂಬುದಕ್ಕೆ ನನಗೆ ಮಾದರಿ ಸಿಕ್ಕಿದ್ದು ನಮ್ಮ ವೀರಗಲ್ಲುಗಳಲ್ಲಿ. ಕೋಲಾರದ ಸುತ್ತಮುತ್ತ ಕೆರೆ ಏರಿಯ ಮೇಲೆ, ಹೊಲದಲ್ಲಿ, ಗುಡಿಯ ಮಗ್ಗುಲಲ್ಲಿ ಅವು ನಿಂತಿವೆ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ನಮ್ಮ ಜಿಲ್ಲೆಯದು, ಅದರಲ್ಲಿ ಇಂಥ ಕಲ್ಲುಗಳ ಬರಹ ಸಾಲುಸಾಲಾಗಿದೆ. ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನು, ಹೆಂಗಸರ ಕೂಗು ಕೇಳಿ ಓಡಿಹೋಗಿ ಸತ್ತವನು. ಸತ್ತವನು ಯಾರು, ಯಾರ ಮಗ, ಏನನ್ನು ಉಳಿಸಲು ಹೋಗಿ ಸತ್ತ ಎಂಬುದು ಕಲ್ಲಿನ ಮೇಲೆ ನಿಲ್ಲುತ್ತದೆ. ಕೊಂದವನ ಚರಿತ್ರೆಗೆ ಅಲ್ಲಿ ಎಡೆಯಿಲ್ಲ. ಸತ್ತವನ ಮನೆಯವರಿಗೆ ಜಮೀನು ಬಿಟ್ಟುಕೊಡುವ ನೆತ್ತರುಗೊಡಗೆಯ ಪದ್ಧತಿಯೂ ಇತ್ತು.

ಇಂದು ಅದಕ್ಕೆ ಸಮನಾಗಿ ಸಂತ್ರಸ್ತರ ಪರಿಹಾರ ಯೋಜನೆಯಿದೆ. ಕರ್ನಾಟಕದಲ್ಲಿ ಅದು 2011ರಲ್ಲಿ ಬಂತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಆರೋಪಿ ಪತ್ತೆಯಾಗದೇ ಇದ್ದರೂ, ಬಿಡುಗಡೆಯಾದರೂ ಕೇಳಲು ಅವಕಾಶವಿದೆ. ನಾನು ಭೇಟಿ ಮಾಡಿದ ಎಷ್ಟೋ ಮನೆಗಳಿಗೆ ಹೀಗೊಂದು ಯೋಜನೆ ಇರುವುದೇ ತಿಳಿದಿರಲಿಲ್ಲ. ಆದ್ದರಿಂದ ಪ್ರತಿ ಲೇಖನದ ನಡುವೆ ಎಲ್ಲಾದರೂ ಈ ಮಾಹಿತಿಯನ್ನು ಸೇರಿಸುತ್ತೇನೆ, ಮನೆಯವರಿಗೆ ಅರ್ಜಿಯ ನಮೂನೆ ಕೊಟ್ಟು ಬರುತ್ತೇನೆ.

ಮನೆಯವರನ್ನು ಕಾಣುವುದು ತೀರ್ಪಾದ ಮೇಲೆ ಮಾತ್ರ. ಮೊದಲು ಪರಿಚಿತರ ಮೂಲಕ ಹೇಳಿ ಕಳುಹಿಸುತ್ತೇನೆ. ಬೇಡ ಎಂದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಬಾ ಎಂದ ಮನೆಗಳಲ್ಲಿ ಕೊಲೆಯ ವಿಷಯ ನಾನಾಗಿ ಎತ್ತುವುದಿಲ್ಲ. ಅವರು ಏನು ಕೆಲಸ ಮಾಡುತ್ತಿದ್ದರು, ಯಾವ ಅಡುಗೆ ಇಷ್ಟವಿತ್ತು, ಯಾವ ಜಾತ್ರೆಗೆ ತಪ್ಪದೆ ಹೋಗುತ್ತಿದ್ದರು ಎಂದು ಕೇಳುತ್ತೇನೆ. ಪೊಲೀಸರಿಂದ ಹಿಡಿದು ಪತ್ರಕರ್ತರವರೆಗೆ ಎಲ್ಲರೂ ಸಾವಿನ ಬಗ್ಗೆಯೇ ಕೇಳಿ ದಣಿಸಿರುತ್ತಾರೆ. ಬರೆದು ಮುಗಿದ ಮೇಲೆ ಅವರಿಗೆ ಸಂಬಂಧಿಸಿದ ಭಾಗವನ್ನು ಓದಿ ಹೇಳುತ್ತೇನೆ. "ಇದೊಂದು ಬೇಡಮ್ಮ" ಎಂದರೆ ತೆಗೆಯುತ್ತೇನೆ.

ಪ್ರಕಟವಾದ ಮೇಲೂ ಕೆಲಸ ಇರುತ್ತದೆ. ಸೆಷನ್ಸ್ ನ್ಯಾಯಾಲಯದ ತೀರ್ಪು ಕೊನೆಯದಲ್ಲ. ಮೇಲ್ಮನವಿ ಹೈಕೋರ್ಟಿಗೆ ಹೋಗುತ್ತದೆ, ಗಲ್ಲು ಶಿಕ್ಷೆಯಾದರಂತೂ ಹೈಕೋರ್ಟ್ ದೃಢೀಕರಿಸದೆ ಜಾರಿಯಾಗುವುದಿಲ್ಲ. ನಾನು ಬರೆದ ಪ್ರಕರಣಗಳ ಮೇಲ್ಮನವಿ ಸಂಖ್ಯೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು ಸ್ಥಿತಿ ನೋಡುತ್ತಿರುತ್ತೇನೆ. ತೀರ್ಪು ಬದಲಾದರೆ ಲೇಖನದ ತಲೆಭಾಗದಲ್ಲಿ ಹೊಸ ತೀರ್ಪಿನ ದಿನಾಂಕ ಮತ್ತು ಕಾರಣ ಬರೆದು, ಬಿಡುಗಡೆಯಾದವರ ಹೆಸರನ್ನು ಒಳಗಿನಿಂದ ತೆಗೆದುಹಾಕುತ್ತೇನೆ. ಈಚೆಗೆ ಹೈಕೋರ್ಟಿನಲ್ಲಿ ಬಿಡುಗಡೆಯಾದ ಒಬ್ಬರು ಫೋನ್ ಮಾಡಿ, "ಅಕ್ಕಾ, ಮಗಳಿಗೆ ಗಂಡು ನೋಡುತ್ತಿದ್ದೇವೆ, ಹೋಬಳಿಯ ಹೆಸರೂ ತೆಗೆದುಬಿಡಿ" ಎಂದರು. ತೆಗೆದೆ. ಅದೇ ದಿನ ಸತ್ತ ಹುಡುಗನ ತಾಯಿಗೂ ಫೋನ್ ಮಾಡಿ ಏನು ಬದಲಾಯಿಸಿದ್ದೇನೆ, ಏಕೆ ಬದಲಾಯಿಸಿದ್ದೇನೆ ಎಂದು ತಿಳಿಸಿದೆ. ಅವರು ಬಹಳ ಹೊತ್ತು ಮಾತನಾಡಿದರು. ಸರ್ಕಾರ ದೆಹಲಿಯ ಕೋರ್ಟಿಗೆ ಹೋಗುತ್ತದೆಯೇ ಎಂದು ಕೇಳಿದರು. ಅದನ್ನು ಅಭಿಯೋಜನಾ ಇಲಾಖೆಯಿಂದಲೇ ತಿಳಿಯಬೇಕು ಎಂದು ಹೇಳಿ, ಅವರ ಹೆಸರಿನಲ್ಲಿ ಒಂದು ಅರ್ಜಿ ಟೈಪ್ ಮಾಡಿ ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.